ಎತ್ತಿದ ಹೆಬ್ಬೆರಳು

ಮತ್ತೆ ಅದೇ ದಬ್ ದಬ್, ಎದೆಗೂಡಿಗೆ ಗುದ್ದುವ ಹಾಗೆ, ಅಂಗಡಿಯವನು ಅವಳ ತಲೆಗೆ ಹೆಡ್‌ಫೋನ್ ಸಿಕ್ಕಿಸಿ ಹೇಳದೆ ಕೇಳದೆ ಯಾವುದೋ ಕುಣಿತದ ಹಾಡು ಹಾಕಿಬಿಟ್ಟಿದ್ದಾನೆ, ಬೇಸ್ ಹೇಗಿದೆ ನೋಡಿ ಮೇಡಂ, ಈಗ ಎಲ್ರೂ ಇದನ್ನೇ ತಗೊಳ್ಳೋದು — ತಗೊಳ್ಳಲಿ, ಎಲ್ಲರೂ ತಲೆಯೊಳಗೆ ಸುತ್ತಿಗೆ ಬಡಿಸಿಕೊಳ್ಳಲಿ, ಅವಳಿಗೇನು, ಅವಳು ಹಾಡು ಕೇಳಲು ಬಂದವಳಲ್ಲ, ಹನ್ನೊಂದು ವರ್ಷದಿಂದ ಸಂಗೀತ ನಡೆಯುವ ಜಾಗಕ್ಕೇ ಪೆಟ್ಟಿಗೆ ಹೊತ್ತು ಹೋಗಿ ರೆಕಾರ್ಡಿಂಗ್ ಮಾಡುವವಳು, ಅವಳಿಗೆ ಬೇಕಾದದ್ದು ಹೊರಗಿನದನ್ನು ಒಳಗೆ ಬಿಡದ ಹೆಡ್‌ಫೋನ್, ಅಷ್ಟೇ, ಮೈಕಿನಿಂದ ತಂತಿಯಲ್ಲಿ ಏನು ಬರುತ್ತಿದೆಯೋ ಅದಷ್ಟೇ ಕಿವಿಗೆ ಬೀಳಬೇಕು, ಎದುರಿಗೆ ಕೂತು ನುಡಿಸುವವರ ನಾದ ಗಾಳಿಯಲ್ಲಿ ಬಂದು ಸಂದಿಯಲ್ಲಿ ನುಸುಳಬಾರದು, ಬಂದ ಕೂಡಲೇ ಬಿಡಿಸಿ ಬಿಡಿಸಿ ಹೇಳಿದ್ದಳು, ಅವನು ಹೂಂ ಹೂಂ ಎಂದು ಗೋಣಾಡಿಸಿ ನಿಮಗೆ ಈ ಗುಲಾಬಿ ಬಣ್ಣದ್ದು ಒಪ್ಪುತ್ತೆ ಅಂದ. ಗುಲಾಬಿಯಂತೆ, ಅವನ ಗುಲಾಬಿಗಿಷ್ಟು ಬೆಂಕಿ ಹಾಕ. ಹಾಡು ನಿಲ್ಸಿ, ತಂತಿ ಕಿತ್ತುಬಿಡಿ, ಸುಮ್ನೆ ನನ್ನ ಹತ್ರ ಮಾತಾಡಿ. ಹಾಡು ಹಾಕ್ದೇ ಹೇಗೆ ಗೊತ್ತಾಗುತ್ತೆ ಮೇಡಂ, ಏನ್ ಮಾತಾಡ್ಲಿ? ಏನಾದ್ರೂ, ನಿಮ್ಮ ಅಂಗಡಿ ವಿಚಾರ, ನಿಮ್ಮ ಬೆನ್ನುನೋವು. ಅವನು ನಿಜಕ್ಕೂ ಬೆನ್ನುನೋವಿನ ಕಥೆ ಶುರು ಮಾಡಿದ, ಹೆಡ್‌ಫೋನಿನೊಳಗೂ ಅವನ ಬೆನ್ನುನೋವು ಸ್ಪಷ್ಟವಾಗಿ ಕೇಳುತ್ತಿದೆ, ಮೇಲೆ ಫ್ಯಾನಿನ ಕಿರಿಕಿರಿ, ಹೊರಗೆ ಯಾರೋ ಷಟರ್ ಎಳೆದದ್ದು, ಎಲ್ಲ — ತೆಗೆದಿಟ್ಟಳು, ಇನ್ನೊಂದು ಹಾಕಿಕೊಂಡಳು, ಇದೂ ಜರಡಿ, ಅದೂ ಜರಡಿ, ಅಂದಿನದೂ ಜರಡಿಯೇ.

ಅಂದಿನದನ್ನು ಅವಳು ಕೆಲಸ ಮಾಡುವ ಸ್ಟುಡಿಯೊದ ಮಾಲೀಕ ಕೊಟ್ಟದ್ದು, ಹೊರಮೈ ತುಂಬ ತೂತಿದ್ದದ್ದು, ಕಿವಿ ಬೆವರಲ್ಲ ಕಣಮ್ಮ, ಹಗುರ ಬೇರೆ — ನಾಲ್ಕು ಗೋಡೆಯ ಸ್ಟುಡಿಯೊದಲ್ಲಿ ಒಬ್ಬಳೇ ಕೂತು ಕೇಳಲು ಸೊಗಸೇ, ಇಲ್ಲವೆಂದವರಾರು, ಆದರೆ ವೇದಿಕೆಯ ಪಕ್ಕದಲ್ಲೇ ಎರಡು ಮಾರು ದೂರದಲ್ಲಿ ಕೂರುವವಳಿಗೆ ಅದನ್ನು ಕೊಡುವುದೆಂದರೆ ಏನರ್ಥ, ಬೇಡ ಅಂದಳು, ಮುಚ್ಚಿದ್ದು ಕೊಡಿ ಅಂದಳು, ಅದರ ಮೆತ್ತೆ ಹರಿದಿದೆ, ಅಡ್ಜಸ್ಟ್ ಮಾಡ್ಕೋ, ಒಂದಿನದ ಕೆಲ್ಸ ತಾನೆ. ಒಂದು ದಿನದ ಕೆಲಸ. ದೊಡ್ಡಪ್ಪನ ಐವತ್ತು ವರ್ಷದ ಪಿಟೀಲು ಇವನ ಬಾಯಲ್ಲಿ ಒಂದು ದಿನದ ಕೆಲಸ. ದೊಡ್ಡಪ್ಪ, ಅವಳನ್ನು ಮಡಿಲಲ್ಲಿ ಕೂರಿಸಿಕೊಂಡು ತಂತಿ ಬಿಗಿಯುತ್ತ ಈಗ ಸೇರ್ತಾ, ಈಗ ಸೇರ್ತಾ ಎಂದು ಕೇಳುತ್ತಿದ್ದವರು, ನಿನ್ನ ಕೈಗೆ ಪಿಟೀಲು ಒಲಿಯಲ್ಲ ಮಗಳೇ, ಕಿವಿ ಮಾತ್ರ ನಂದೇ ಎಂದು ಊರೆಲ್ಲ ಹೇಳಿಕೊಂಡು ಬಂದವರು, ಜೀವಮಾನವೆಲ್ಲ ಹಾಡುವವರ ಹಿಂದೆ ಕೂತು ನುಡಿಸಿದರು, ತಮ್ಮದೇ ಅಂತ ಒಂದು ರೆಕಾರ್ಡಿಂಗ್ ಇಲ್ಲ, ಈಗ ಎಡಗೈ ಬೆರಳುಗಳು ಸೆಟೆದುಕೊಳ್ಳುತ್ತಿವೆ, ಡಾಕ್ಟರು ಕೈಚೆಲ್ಲಿದರು, ಇದೊಂದು ಸಲ ನುಡಿಸ್ತೀನಿ, ಆಮೇಲೆ ಮುಟ್ಟಲ್ಲ, ನೀನು ಹಿಡಿದಿಡು ಸಾಕು ಅಂದರು.

ಶಾಲೆಯ ಹಾಲ್, ಮಡಚುವ ಕುರ್ಚಿಗಳು, ಜೊತೆಗೆ ಪಿಯಾನೊ ನುಡಿಸಲು ಅಲ್ಲಿನ ಸಂಗೀತದ ಮೇಷ್ಟ್ರು, ದೊಡ್ಡಪ್ಪನಿಗೊಂದು ಮೈಕು ಪಿಯಾನೊಗೊಂದು ಮೈಕು, ಮೊದಲರ್ಧ ದೊಡ್ಡಪ್ಪ ಹುಷಾರಾಗಿ, ಒದ್ದೆ ನೆಲದ ಮೇಲೆ ನಡೆಯುವವರ ಹಾಗೆ ನುಡಿಸಿದರು, ಬಿಡುವಿನಲ್ಲಿ ಎದ್ದರು, ಮತ್ತೆ ಬಂದು ಕುರ್ಚಿ ಎಳೆದುಕೊಂಡು ಕೂತರು, ಕಮಾನು ಹಿಡಿದು ಅವಳ ಕಡೆ ತಿರುಗಿ ಎರಡು ಸ್ವರ ಎಳೆದು ಹುಬ್ಬು ಹಾರಿಸಿದರು, ಬಂತಾ? ಹೆಡ್‌ಫೋನ್ ಒತ್ತಿಕೊಂಡಳು, ಬಂತು, ಎಷ್ಟು ಚೆನ್ನಾಗಿ ಬಂತು, ಹೆಬ್ಬೆರಳು ಎತ್ತಿದಳು — ಬರದೆ ಏನು, ಎರಡು ಮಾರು ದೂರದಲ್ಲಿ ನುಡಿಸುತ್ತಿದ್ದಾರೆ, ಜರಡಿಯಲ್ಲಿ ಎಲ್ಲವೂ ಬರುತ್ತದೆ, ತಂತಿ ಮಾತ್ರ ಕುರ್ಚಿಯ ಕಾಲಿಗೆ ಸಿಕ್ಕಿ ಅವರ ಮೈಕಿನ ಬುಡದಿಂದ ಕಳಚಿ ಬಿದ್ದಿತ್ತು. ಮರುದಿನ ಸ್ಟುಡಿಯೊದಲ್ಲಿ ಎರಡನೆಯ ಅರ್ಧ ಕೇಳಿದರೆ ಮೇಷ್ಟ್ರ ಪಿಯಾನೊ ಗಂಟೆಯ ಹಾಗೆ, ಪಿಟೀಲು ಮೂರು ಮನೆ ಆಚೆ ಯಾರೋ ಕದ ಹಾಕಿಕೊಂಡು ನುಡಿಸಿದ ಹಾಗೆ, ಮಾಲೀಕ ಹಿಂದೆ ನಿಂತು ಆಕಳಿಸುತ್ತ ಪಿಯಾನೊ ಚೆನ್ನಾಗೇ ಬಂದಿದೆಯಲ್ಲ ಅಂದ, ಆ ಬಾಯಿಗೆ ಮಣ್ಣು ಹಾಕಬೇಕು ಅನ್ನಿಸಿತು, ಈಗಲೂ ಅನ್ನಿಸುತ್ತಿದೆ, ಅವನದೇ ತಪ್ಪು, ಅವನ ತೂತು ಹೆಡ್‌ಫೋನಿನದೇ ತಪ್ಪು, ಕುರ್ಚಿಯದು, ಶಾಲೆಯದು — ಮತ್ತೆ ಪೆಟ್ಟಿಗೆಯ ಮೇಲೆ ಸದ್ದು ಅಳೆಯುವ ಮುಳ್ಳು? ಮೈಕಿಗೊಂದರಂತೆ ಎರಡು ಮುಳ್ಳು ಇದ್ದವು, ಒಂದು ಪಿಯಾನೊ ಜೊತೆ ಕುಣಿಯುತ್ತಿತ್ತು, ಇನ್ನೊಂದು ಸತ್ತು ಮಲಗಿತ್ತು, ಕಣ್ಣಿದ್ದವರಿಗೆ ಕಾಣುತ್ತಿತ್ತು. ಅವಳು ಕಣ್ಣು ಮುಚ್ಚಿದ್ದಳು. ಅಷ್ಟು ಚೆನ್ನಾಗಿ ನುಡಿಸುತ್ತಿದ್ದರು, ಏನು ಮಾಡುವುದು, ಮಗಳಾಗಿ ಕೂತು ಕೇಳಿಬಿಟ್ಟಳು, ಕೆಲಸಕ್ಕೆ ಕೂತವಳು ಕಣ್ಣು ಮುಚ್ಚಬಹುದೇ, ಹನ್ನೊಂದು ವರ್ಷದಲ್ಲಿ ಒಂದು ದಿನವೂ ಮುಚ್ಚದವಳು ಅಂದೇ ಮುಚ್ಚಬೇಕೇ. ಒಂಬತ್ತು ದಿನವಾಯಿತು, ದೊಡ್ಡಪ್ಪ ದಿನಾ ಫೋನು ಮಾಡುತ್ತಾರೆ, ದಿನಾ ಇನ್ನೂ ಸರಿ ಮಾಡ್ತಿದೀನಿ ದೊಡ್ಡಪ್ಪ ಅನ್ನುತ್ತಾಳೆ, ಏನನ್ನು ಸರಿ ಮಾಡುವುದು, ಹೆಡ್‌ಫೋನ್ ಕೊಳ್ಳಲು ಬಂದಿದ್ದಾಳೆ, ಯಾವ ಮುಖಕ್ಕೆ, ಯಾರದನ್ನು ರೆಕಾರ್ಡ್ ಮಾಡಲು.

ಇದೊಂದಿದೆ, ಯಾರೂ ತಗೊಳಲ್ಲ, ತಲೆ ಹಿಂಡುತ್ತೆ ಎಂದು ಅಂಗಡಿಯವನು ಸ್ಟೂಲು ಹತ್ತಿ ಧೂಳು ಹಿಡಿದ ಡಬ್ಬಿ ಇಳಿಸಿದ, ಕಪ್ಪಗೆ, ದಪ್ಪಗೆ, ನೋಡಲು ಲಕ್ಷಣವಿಲ್ಲದ್ದು, ಹಾಕಿಕೊಂಡಳು — ಫ್ಯಾನು ತಿರುಗುತ್ತಿದೆ, ಸದ್ದಿಲ್ಲ, ಅವನ ತುಟಿ ಆಡುತ್ತಿದೆ, ಬೆನ್ನುನೋವು ಎಲ್ಲಿಗೆ ಬಂತೋ ಗೊತ್ತಿಲ್ಲ, ಇದು, ಇದೊಂದು ಅಂದು ಕಿವಿಯ ಮೇಲಿದ್ದಿದ್ದರೆ ಆ ಎರಡು ಸ್ವರ ಎಲ್ಲೋ ದೂರದಲ್ಲಿ ಕೇಳಿಸುತ್ತಿತ್ತು, ಇಲ್ಲ ಎಂದು ಕೈಯಾಡಿಸುತ್ತಿದ್ದಳು, ಎದ್ದು ಹೋಗಿ ತಂತಿ ಸಿಕ್ಕಿಸುತ್ತಿದ್ದಳು, ಅರ್ಧ ನಿಮಿಷದ ಕೆಲಸ. ಅಂಗಡಿಯವನಿಗೆ ತನ್ನ ಮಾತು ತಲುಪುತ್ತಿಲ್ಲವೆಂದು ಈಗ ಹೊಳೆದಿರಬೇಕು, ನಗುತ್ತ ಹೆಬ್ಬೆರಳು ಎತ್ತಿ ಹುಬ್ಬು ಹಾರಿಸಿದ, ಸರೀನಾ? ಇನ್ನೊಂದು ಕೈಯಲ್ಲಿ ಕೌಂಟರಿನ ಗಾಜಿನ ಮೇಲೆ ನಡುಗುತ್ತಿದ್ದ ಅವಳ ಫೋನು ತೋರಿಸಿದ. ದೊಡ್ಡಪ್ಪ. ಹೆಡ್‌ಫೋನನ್ನು ಒಂದು ಕಿವಿಯಿಂದ ಸರಿಸಿ ಫೋನು ಹಿಡಿದಳು, ಬಂತಾ ಮಗಳೇ, ಅವಸರ ಏನಿಲ್ಲ, ಸುಮ್ನೆ ಕೇಳ್ದೆ, ಮೊದಲರ್ಧ ಬಿಟ್ಟಾಕು, ಹೆದರ್ಕೊಂಡು ನುಡಿಸಿದ್ದು ಅದು, ಬಿಡುವಾದ ಮೇಲೆ ನೀನು ಬೆರಳೆತ್ತಿದ್ಯಲ್ಲ, ಅದನ್ನ ನೋಡಿದ್ಮೇಲೇ ಕಣೆ ನಂಗೆ ಧೈರ್ಯ ಬಂದಿದ್ದು, ಅದೊಂದೇ ಕೊಡು ಸಾಕು.

ಬರ್ಲಿಲ್ಲ, ದೊಡ್ಡಪ್ಪ. ಅದೊಂದೇ ಬರ್ಲಿಲ್ಲ.

ಫೋನನ್ನು ಕಿವಿಗೆ ಇನ್ನಷ್ಟು ಒತ್ತಿಕೊಂಡಳು, ಇನ್ನೊಂದು ಕಿವಿಯಲ್ಲಿ ಮುಚ್ಚಿದ ಹೆಡ್‌ಫೋನಿನ ಖಾಲಿ, ಗಾಜಿನ ಆಚೆ ಅಂಗಡಿಯವನು ಉತ್ತರಕ್ಕೆ ಕಾಯುತ್ತ ನಿಂತಿದ್ದಾನೆ, ಹೆಬ್ಬೆರಳು ಇಳಿಸಿಲ್ಲ, ಹೆಬ್ಬೆರಳು, ಎತ್ತಿದ್ದು ಎತ್ತಿದ ಹಾಗೇ, ಹೆಬ್ಬೆರಳು —