ಭಾಗ ಹೋಗದ್ದು

"ಇವನ ಜೋಡಿ ಆ ಡಬ್ಬೀನೂ ಕುಣಿಗಿ ಹಾಕ್ರಿ! ಹೆಂಡ್ತಿ ಮಾರಿಗಿಂತ ಅದರ ಮಾರೀನೇ ಹೆಚ್ಚು ನೋಡ್ಯಾನ, ಬೇಕಾರ ಮನಿಷ್ಯಾ!"

ಹೆಣದ ಹೆಬ್ಬೆರಳುಗಳಿಗೆ ದಾರ ಸುತ್ತುತ್ತಿದ್ದ ಓಣಿಯ ಹುಡುಗ ಜೈಭೀಮನ ಕೈ ನಿಂತಿತು. ಹಾಗಂದವನು ಸತ್ತ ಭೀಮರಾಯನ ಸ್ವಂತ ಅಣ್ಣ, ರಿಟೈರ್ ಆದ ಮಾಸ್ತರ ಹಣಮಂತ್ರಾಯ. ರಾಮಸಮುದ್ರದ ಅರ್ಧ ಊರು ಅಂಗಳದಲ್ಲಿತ್ತು. ಕೆಲವರು ಟವೆಲ್ಲು ಬಾಯಿಗೊತ್ತಿ ನಕ್ಕರು.

ಮುಂದಿನ ಖೋಲಿಯಲ್ಲಿ ಕಂಪ್ಯೂಟರು ಗುಂಯ್ ಎನ್ನುತ್ತಲೇ ಇತ್ತು. ಆ ಖೋಲಿಯೇ ಭೀಮರಾಯನ ಟೈಪಿಂಗ್ ಅಂಗಡಿ. ಗಿರಾಕಿ ಬಂದರೆ ಅರ್ಜಿ, ಲಗ್ನಪತ್ರಿಕೆ. ಉಳಿದ ಹೊತ್ತೆಲ್ಲ ಒಂದೇ ಒಂದು ಸಂಖ್ಯೆಯ ಲೆಕ್ಕ.

"ನಗೂ ಮಾತಲ್ರಿ," ಎಂದ ಪಕ್ಕದ ಮನೆಯ ಮುದುಕ ಜಗದೇವಪ್ಪ. "ಜೀವ ಯಾತರ ಮ್ಯಾಲಿತ್ತೋ ಅದು ಮನ್ಯಾಗ ಉಳದ್ರ ಸತ್ತವ ತಿರುಗಿ ಬರ್ತಾನ. ನಮ್ಮಪ್ಪನ ಕುಣ್ಯಾಗ ಚುಟ್ಟಾದ ಕಟ್ಟು ಹಾಕಿದ್ವಿ."

ನಗೆಚಾಷ್ಟಿ ಖರೆಯಾಯಿತು. ಇಬ್ಬರು ಎದ್ದೇಬಿಟ್ಟರು. ಜೈಭೀಮ ಹಾರಿ ಹೋಗಿ ಬಾಗಿಲಿಗೆ ಅಡ್ಡ ನಿಂತ.

"ಮುಟ್ರಿ ನೋಡೋಣು! ಬುದ್ಧನ ತ್ರಿಶರಣ ಹೇಳೋ ಮನಿಯಿದು, ದೆವ್ವದ ಮಾತು ಬ್ಯಾಡ. ಲೆಕ್ಕ ಇನ್ನ ಜರಾ ಉಳದದ. ಮುಗಿಯೋತನಾ ಯಾರೂ ಒಳಗ ಕಾಲಿಡಂಗಿಲ್ಲ."

"ಒಂಬತ್ತನೇತ್ತಾಗ ಸಾಲಿ ಬಿಟ್ಟು ಟಂಟಂ ಆಟೋ ಹೊಡಿಯಾಂವ, ನಿನಗೇನ್ ತಿಳೀತದಲೇ?" ಎಂದ ಹಣಮಂತ್ರಾಯ.

* * *

ಹಿಂದೊಂದು ಮಧ್ಯಾಹ್ನ ಇದೇ ಖೋಲಿಯಲ್ಲಿ ಭೀಮರಾಯ ಬಸಿಯಲ್ಲಿ ಚಹಾ ಸುರಿದುಕೊಂಡು ಜೈಭೀಮನಿಗೆ ಹೇಳಿದ್ದ.

"ಎರಡು ತಗೋ. ದುಪ್ಪಟ್ಟು ಮಾಡು, ನಾಕು. ಮತ್ತ ಮಾಡು, ಎಂಟು. ಹಿಂಗ ಕೋಟಿಗಟ್ಟಲೆ ಸಲ ಮಾಡಿ, ಕಡೀಗಿ ಒಂದು ಕಳೀ."

"ಯಾಕ್ ಕಳೀಬೇಕು ಕಾಕಾ?"

"ಕಳೀದಿದ್ರ ಎರಡರಿಂದ ಭಾಗ ಹೋಗೇ ಹೋಗ್ತದ. ಒಂದು ಕಳದ್ರ ತಲಿ ಎತ್ತಿ ನಿಂದ್ರತದ. ಮಷಿನ್ ಭಾಷಾದಾಗ ಬರದ್ರ ಬರೇ ಒಂದು, ಒಂದು, ಒಂದು. ನಡುವ ಎಲ್ಲೂ ಸೊನ್ನಿ ಇಲ್ಲ."

"ಹಂಗಾದ್ರ ಯಾತರಿಂದಲೂ ಭಾಗ ಹೋಗಂಗಿಲ್ಲೇನು?"

"ಅದನ್ನೇ ನೋಡಾಕತ್ತೇನಿ. ಭಾಗ ಹೋಗದಿದ್ರ ಅವಿಭಾಜ್ಯ. ನಾಕು ಕೋಟಿ ಅಂಕಿ ಅವ ಇದರಾಗ. ಜಗತ್ತಿನ ಮಂದಿ ನೆಟ್ಟಿನ್ಯಾಗ ಇಂಥಾವು ಒಂದೊಂದು ಸಂಖ್ಯಾ ಹಂಚಿಕೊಂಡು ನೋಡಾಕತ್ತಾರ. ಇದು ರಾಮಸಮುದ್ರದ ಪಾಲಿಗಿ ಬಂದದ."

"ಅಲ್ಲ ಅಂತ ಬಂದ್ರ? ಕರೆಂಟ್ ಎಲ್ಲಾ ಫುಕಟ್ ಹೋತಲ್ಲ!"

ಕಾಕಾ ಚಹಾ ಸೊರ್ರೆಂದು ಹೀರಿದ. "ಅಲ್ಲ ಅನ್ನೂದೂ ಯಾರರೆ ಹುಡುಕಿ ಹೇಳ್ಬೇಕಲ್ಲೋ."

* * *

ಒಳಗಿಂದ ಭೀಮರಾಯನ ಹೆಂಡತಿ ಲಾಲಮ್ಮ ಬಂದಳು. ಅತ್ತು ಅತ್ತು ದನಿ ಹರಿದಿತ್ತು. ಗಂಡನ ತಲೆಯ ಹತ್ತಿರ ಗಟ್ಟಿಯಾಗಿ ಕುಳಿತಳು.

"ಮಕ್ಕಳಿಲ್ಲದವ್ರು ಅಂದ್ರಿ, ಕೇಳಿಕೊಂಡ್ವಿ. ಹುಚ್ಚ ಅಂದ್ರಿ, ಕೇಳಿಕೊಂಡ್ವಿ. ಇವತ್ತ ನಾ ಹೇಳ್ತೀನಿ, ನೀವು ಕೇಳ್ರಿ. ಅದರ ಜವಾಬು ಬರೋತನಾ ಇವ್ರನ್ನ ಎತ್ತಂಗಿಲ್ಲ."

"ಬಿಸಲು ಏರಾಕತ್ತದವ್ವ..." ಎಂದರು ಯಾರೋ.

"ಏರ್ಲಿ."

ಅಂಗಳ ಕಾಯಿತು. ಮೊದಲು ಜಗದೇವಪ್ಪನೇ ಕಿಟಕಿಗೆ ಹಣೆ ಹಚ್ಚಿ, ಕ್ರಿಕೆಟ್ ಸ್ಕೋರು ಕೇಳುವವನಂತೆ "ಎಷ್ಟಾತಪಾ?" ಎಂದ. ಆಮೇಲೆ ಒಬ್ಬೊಬ್ಬರೇ ಎದ್ದು ಬಂದರು. ಕುಣಿ ತೋಡಿ ಬಂದವರು ಮಣ್ಣುಗೈಯಲ್ಲೇ ಇಣುಕಿದರು.

ಹೊತ್ತು ವಾಲಿದಾಗ ಪರದೆಯ ಮೇಲೆ ಒಂದು ಸಾಲು ಮೂಡಿತು. ಅವಿಭಾಜ್ಯ ಅಲ್ಲ.

ಜೈಭೀಮ ಮತ್ತೆ ಓದಿದ. ಅಷ್ಟೇ ಇತ್ತು. ಯಾವುದರಿಂದ ಭಾಗ ಹೋಗುತ್ತದೆ ಎಂಬುದನ್ನೂ ಅದು ಹೇಳಲಿಲ್ಲ. ಗೋಡೆಗೆ ಗುದ್ದಬೇಕೆನಿಸಿತು. ಗುದ್ದಲಿಲ್ಲ. ತನ್ನ ಮೊಬೈಲಿನ ನೆಟ್ ಹಚ್ಚಿ ಜವಾಬನ್ನು ಕಳಿಸಿದ. ಮುಂದಿನ ಸಂಖ್ಯೆ ಇಳಿಯಿತು, ಲೆಕ್ಕ ಮೊದಲಿಂದ ಶುರುವಾಯಿತು.

ಹೊರಬಂದು ಲಾಲಮ್ಮನ ಎದುರು ಬಗ್ಗಿದ. "ಜವಾಬು ಬಂತು, ಕಾಕಿ."

ಅವಳು ಗಂಡನ ಹಣೆ ಮುಟ್ಟಿ ಪಕ್ಕಕ್ಕೆ ಸರಿದಳು.

"ಏನ್ ಬಂತಲೇ?" ಹಣಮಂತ್ರಾಯ ಎಲ್ಲರಿಗೂ ಕೇಳುವಂತೆ ಕೂಗಿದ. "ನಿಮ್ಮ ಕಾಕಾ ಪಾಸೋ ಫೇಲೋ?"

ಜೈಭೀಮ ಚಟ್ಟದ ಮುಂದಿನ ಬೊಂಬಿಗೆ ಹೆಗಲು ಕೊಟ್ಟ. ಮಂದಿ ಗಡಬಡಿಸಿ ಓಡಿಬಂದು ಉಳಿದ ಮೂಲೆಗಳನ್ನು ಹಿಡಿದರು. ಹಿಂದಿನ ಒಂದು ಮೂಲೆ ಹಣಮಂತ್ರಾಯನ ಹೆಗಲಿಗೇ ಬಂತು.

"ಹೇಳಲೇ... ಜರಾ ಸಾವಕಾಶ ನಡೀಲೇ!"

ಜೈಭೀಮ ತಿರುಗಲಿಲ್ಲ, ಹೆಜ್ಜೆಯನ್ನೂ ಸಣ್ಣದು ಮಾಡಲಿಲ್ಲ. ಕುಣಿಯತ್ತ ಹೋಗುವ ಹಳ್ಳದ ದಾರಿಯಲ್ಲಿ ಮಾಸ್ತರನ ಒಂದು ಚಪ್ಪಲಿ ಕಳಚಿ ಧೂಳಿಗೆ ಬಿತ್ತು. ಅದನ್ನು ತಗೊಳ್ಳಲು ನಿಲ್ಲಲಾಗದೆ, ತಮ್ಮನ ಭಾರದ ಕೆಳಗೆ ಅವನು ಒಂದೇ ಚಪ್ಪಲಿಯಲ್ಲಿ ಓಡುತ್ತ ಹೋದ.