ಎರಡಕ್ಷರದ ಕೊಂಬು

ಇನ್ — ಅಥವಾ ಬರೀ ಉಸಿರು, ಮಾತಿಗೆ ಮುನ್ನ ಡಾಕ್ಟರು ಮೂಗಿನಲ್ಲಿ ಎಳೆದುಕೊಳ್ಳುವ ಆ ಗೊಣಗು, ಟೈಪಿಸ್ಟ್ ಇಯರ್‌ಫೋನನ್ನು ಕಿವಿಗೆ ಇನ್ನಷ್ಟು ಒತ್ತಿಕೊಂಡಳು, ರೆಕಾರ್ಡಿಂಗನ್ನು ಹಿಂದಕ್ಕೆ ಓಡಿಸಿದಳು, ಲಿವರಿನಲ್ಲಿ ಗಡ್ಡೆ ಎಂಬುದು ಕೇಳುತ್ತದೆ, ಅದರ ಅಳತೆಯೂ ಕೇಳುತ್ತದೆ, ಕೊನೆಯ ಸಾಲಿಗೆ ಬಂದರೆ ಮಾತ್ರ ಒಮ್ಮೆ ಆಪರೇಬಲ್ ಎನ್ನಿಸುತ್ತದೆ, ಇನ್ನೊಮ್ಮೆ ಇನಾಪರೇಬಲ್, ಕೊಯ್ದು ತೆಗೆಯಬಹುದು, ಕೊಯ್ಯುವಂತಿಲ್ಲ, ನಡುವೆ ಇರುವುದು ಎರಡೇ ಅಕ್ಷರ, ಒಂದು ಮೂಗಿನ ಸದ್ದು. ಹದಿನೇಳು ವರ್ಷದಿಂದ ಈ ಸ್ಕ್ಯಾನಿಂಗ್ ಸೆಂಟರಿನಲ್ಲಿ ಡಾಕ್ಟರ ದನಿಯನ್ನು ಕಾಗದಕ್ಕಿಳಿಸುತ್ತ ಬಂದವಳಿಗೆ ಅವರ ಕೆಮ್ಮು ಯಾವುದು, ಅಲ್ಪವಿರಾಮ ಯಾವುದು ಎಂದು ಗೊತ್ತು, ಆದರೆ ಇದು — ಕನ್ನಡವಾಗಿದ್ದರೆ ಈ ಪಾಡಿರಲಿಲ್ಲ, ಬರುವುದಿಲ್ಲ, ಆಗುವುದಿಲ್ಲ, ಮಾತೆಲ್ಲ ಮುಗಿದ ಮೇಲೆ ಇಲ್ಲ ಎಂದು ಬಾಗಿಲು ಹಾಕಿಕೊಳ್ಳುತ್ತದೆ, ಕಿವುಡನಿಗೂ ತಿಳಿಯುತ್ತದೆ. ಇಂಗ್ಲಿಷ್ ಹಸುವಿಗೆ ಇಲ್ಲ ಅನ್ನೋದು ಕೊಂಬು ಕಣೇ, ನಮ್ಮದಕ್ಕೆ ಬಾಲ, ಎದುರಿಂದ ಹೋಗುವಾಗ ಹುಷಾರು ಎಂದು ಅಕ್ಕ ಹೇಳಿಕೊಟ್ಟಿದ್ದಳು, ಅನ್, ಇನ್, ಡಿಸ್ ಎಂದು ಚೀಟಿ ಬರೆದು ಅಡುಗೆಮನೆಯ ಡಬ್ಬಿಗಳಿಗೆಲ್ಲ ಅಂಟಿಸಿದ್ದಳು, ಅನ್‌ಸಕ್ಕರೆ, ಡಿಸ್‌ಉಪ್ಪು, ಅಮ್ಮ ಬೈದದ್ದೇ ಬೈದದ್ದು — ಆದರೂ ಪರೀಕ್ಷೆಯಲ್ಲಿ ಇವಳು ಇನ್‌ಫ್ಲಾಮಬಲ್ ಎಂದರೆ ಬೆಂಕಿ ಹತ್ತದ್ದು ಎಂದು ಬರೆದು ಬಂದಳು, ಹತ್ತುವುದು ಎಂದೇ ಅರ್ಥವಂತೆ, ಈಕೆ ಸೀಮೆಎಣ್ಣೆ ಸುರಿದು ಒಲೆ ಆರಿಸ್ತಾಳೆ ಎಂದು ಮೇಷ್ಟ್ರು ತರಗತಿಯನ್ನೆಲ್ಲ ನಗಿಸಿದರು, ಅಂದಿನಿಂದ ಆ ಎರಡಕ್ಷರವನ್ನು ಕಣ್ಣುಮುಚ್ಚಿ ನಂಬಿದವಳಲ್ಲ. ಅರ್ಜಿಗಳಲ್ಲಿ ಅನ್‌ಮ್ಯಾರೀಡ್ ಎಂದು ತುಂಬುವಾಗಲೂ ಒಂದು ಕ್ಷಣ ನಿಲ್ಲುತ್ತಾಳೆ, ಕಟ್ಟಿದ್ದನ್ನು ಬಿಚ್ಚಿದ ಹಾಗೆ ಕೇಳುತ್ತದೆ, ಇವಳು ಕಟ್ಟಿಕೊಂಡದ್ದೇ ಇಲ್ಲವಲ್ಲ, ಇರಲಿ. ಹೊರಗೆ ತನ್ನ ರಿಪೋರ್ಟಿಗೆ ಕಾಯುತ್ತಿರುವವನು ಬಡಗಿ, ಬೆಳಗ್ಗೆ ಹೆಸರು ಬರೆಸುವಾಗ ಇವಳ ಮೇಜನ್ನು ಸವರಿ, ಇದು ತೇಗ ಅಲ್ಲಮ್ಮ, ನಿಮಗೆ ಯಾರೋ ಟೋಪಿ ಹಾಕಿದಾರೆ ಅಂದಿದ್ದ, ಸುಮ್ನಿರ್ರೀ ಎಂದು ಹೆಂಡತಿ ತೋಳು ಜಗ್ಗಿದ್ದಳು. ಕೇಳಲೇ, ಬೇಡವೇ — ಹೋದ ವರ್ಷ ಹೀಗೇ ಏನೋ ಕೇಳಿದ್ದಕ್ಕೆ, ಕಿವೀಲಿ ಹತ್ತಿ ಇಟ್ಕೊಂಡು ಕೂತಿದೀರಾ ಎಂದು ಡಾಕ್ಟರು ಎಲ್ಲರೆದುರು ಗದರಿದ್ದರು, ಈಗಲೂ ಗದರುತ್ತಾರೆ, ಗದರಲಿ, ಗದರಿದ್ದೇನು ಮೈಗೆ ಅಂಟಿಕೊಳ್ಳುತ್ತದೆಯೇ, ಎದ್ದಳು.

ಸರ್, ಕೊನೇ ಸಾಲಲ್ಲಿ ಇನ್ ಇದೆಯಾ, ಇಲ್ವಾ. ಟೈಪ್ ಮಾಡೋರು ನೀವು, ನನ್ನ ಕೇಳ್ತೀರಲ್ಲಮ್ಮ. ಎರಡೂ ಥರ ಕೇಳಿಸ್ತಿದೆ ಸರ್, ಊಹೆ ಮೇಲೆ ಬರೆಯೋಕಾಗಲ್ಲ. ಡಾಕ್ಟರು ಕನ್ನಡಕ ತೆಗೆದರು, ಹಾಕಿಕೊಂಡರು, ಇಯರ್‌ಫೋನ್ ಇಸಿದುಕೊಂಡು ಕೇಳಿದರು, ಮತ್ತೊಮ್ಮೆ ಕೇಳಿದರು, ನಾನು ಹೇಳಿದ್ದು ನನಗೇ ತಿಳೀತಿಲ್ಲ ಎಂದರು, ಮೆಲ್ಲಗೆ, ಆ ದನಿಯನ್ನು ಇವಳು ಇದುವರೆಗೆ ಟೈಪ್ ಮಾಡಿದ್ದಿಲ್ಲ, ತಡೀರಿ, ಚಿತ್ರಾನೇ ನೋಡೋಣ. ತೆರೆಯ ಮೇಲೆ ಬೂದುಬಣ್ಣದ ಪದರಗಳು ಒಂದರ ಹಿಂದೊಂದು ಸರಿಯುತ್ತವೆ, ಬೆಳ್ಳಗಿನ ರಕ್ತನಾಳ, ಅದರ ಮಗ್ಗುಲಲ್ಲಿ ಗಡ್ಡೆ, ಡಾಕ್ಟರು ಅಲ್ಲೇ ನಿಲ್ಲಿಸಿ ಚಿತ್ರವನ್ನು ಹಿಗ್ಗಿಸಿದರು. ನೋಡಿ, ನಡುವೆ ಕೂದಲೆಳೆಯಷ್ಟು ಜಾಗ ಇದೆ, ನಾಳಕ್ಕೆ ತಾಗಿಲ್ಲ. ತಾಗಿಲ್ಲ ಅಂದ್ರೆ, ಸರ್. ಅಂದ್ರೆ ಇನ್ ಬೇಡ, ಆಪರೇಷನ್ ಮಾಡಬಹುದು, ನೀವು ಕೇಳಿದ್ದು ಒಳ್ಳೇದಾಯ್ತು.

ಒಂದೊಂದೇ ಅಕ್ಷರ ಒತ್ತಿದಳು, ಓದಿದಳು, ಇನ್ನೊಮ್ಮೆ ಓದಿ ಸಹಿ ಹಾಕಿಸಿದಳು, ಲಕೋಟೆ ಹಿಡಿದು ಬಾಗಿಲಿಗೆ ಬಂದರೆ ಬಡಗಿ ಕಾಯುವವರ ಬೆಂಚನ್ನು ಪಕ್ಕಕ್ಕೆ ವಾಲಿಸಿ ಮಂಡಿಯೂರಿ ಕೂತಿದ್ದಾನೆ, ಅಲ್ಲಾಡುವ ಕಾಲಿನ ಕೀಲಿಗೆ ಹೆಬ್ಬೆರಳಿಟ್ಟು ಒತ್ತುತ್ತಿದ್ದಾನೆ, ಏಳ್ರೀ, ಯಾರಾದ್ರೂ ನೋಡಿಯಾರು, ಹೆಂಡತಿ — ಹೇಳಿಬಿಡಲೇ, ಹೇಳುವುದು ಇವಳ ಕೆಲಸವಲ್ಲ, ಇವನನ್ನು ಇಲ್ಲಿಗೆ ಕಳಿಸಿದ ಸರ್ಜನ್ ಹೇಳುತ್ತಾರೆ, ಇನ್ನೊಂದು ದಿನ, ಅಷ್ಟೇ, ಆದರೆ ಆ ಹೆಬ್ಬೆರಳು, ಉಗುರಿನಡಿ ಹಳೆಯ ಸುತ್ತಿಗೆಪೆಟ್ಟು ಕಪ್ಪಾಗಿ ಉಳಿದ ಹೆಬ್ಬೆರಳು, ಒತ್ತುತ್ತದೆ, ಸಡಿಲಿಸುತ್ತದೆ, ಮತ್ತೆ ಒತ್ತುತ್ತದೆ — ಆ ಹೆಬ್ಬೆರಳು ಇನ್ನೊಂದು ದಿನವೂ ಕಾಯುವುದು ಬೇಡ ಎಂದು ಬಾಯಿ ತೆರೆದಳು.