ಎಡಗಡೆ ಇನ್ನೆರಡು ಎಳೆತ

"ಮರ ತಿನ್ನೋ ಹುಳಾನೂ ನಿನಗಿಂತ ನೆಟ್ಟಗೆ ತಿನ್ನುತ್ತೆ ಕಣೋ!"

ಮರದ ಯಾರ್ಡಿನ ಯಜಮಾನ ನನ್ನ ಮೇಲೆ ಹೀಗೆ ಕೂಗಿದಾಗ ಗರಗಸದವರು ನಾಲ್ವರೂ ನಕ್ಕರು, ಲಾರಿ ಡ್ರೈವರ್ ನಕ್ಕ, ತೊಲೆ ಒಯ್ಯಲು ಬಂದಿದ್ದ ಗಿರಾಕಿಯೂ ನಕ್ಕ. ನಗದೆ ನಿಂತವನು ನನ್ನ ಸೋದರಮಾವ ಒಬ್ಬನೇ.

ಗಿರಾಕಿಯ ಗೋದಾಮಿನ ಅಟ್ಟಕ್ಕೆ ಆರು ತೊಲೆ ಬೇಕಿತ್ತು. ಒಂದೊಂದೂ ಹದಿನಾರು ಅಡಿ, ನಾಲ್ಕು ಜನ ಎತ್ತಿದರೂ ಸೊಂಟ ಹಿಡಿಯುವಂಥವು. ಅಂಥದ್ದನ್ನು ಹೊತ್ತು ತಂದು ದೊಡ್ಡ ಮೆಷಿನ್ನಿನ ಬಾಯಿಗೆ ತುರುಕಲು ಆಗುವುದಿಲ್ಲ. ತೊಲೆ ಮಲಗಿದಲ್ಲೇ ಮಲಗಿರುತ್ತದೆ, ಮರ ಹೆರೆಯುವ ಕೈ ರಂದಾ ಮೆಷಿನ್ನನ್ನೇ ಅದರ ಬೆನ್ನ ಮೇಲೆ ಓಡಿಸಬೇಕು. ಏಳನೇ ಕ್ಲಾಸಿಗೆ ಶಾಲೆ ಬಿಟ್ಟ ನನ್ನನ್ನು ಮನೆಯಲ್ಲಿಟ್ಟುಕೊಂಡು, ಆ ಮೆಷಿನ್ನು ಕೈಗೆ ಕೊಟ್ಟವನು ಮಾವ. ಒಂದು ಎಳೆತಕ್ಕೆ ಉಗುರಿನಷ್ಟು ತೆಗಿ, ಆಸೆಬುರುಕತನ ಮಾಡಿದರೆ ಮರ ನಿನ್ನ ಮುಖಕ್ಕೇ ಉಗಿಯುತ್ತೆ ಅಂತ ಕಲಿಸಿದವನೂ ಅವನೇ.

ಎಳೆಯುವುದು ನಾನು, ನೋಡುವುದು ಮಾವ. ತೊಲೆಯ ಎರಡು ತುದಿಗೂ ಅಡ್ಡಲಾಗಿ ಒಂದೊಂದು ನೇರ ಪಟ್ಟಿ ಇಟ್ಟು, ಮಂಡಿಯೂರಿ, ಎಡಗಣ್ಣು ಮುಚ್ಚುತ್ತಾನೆ. ಎರಡು ಪಟ್ಟಿಯ ಅಂಚೂ ಒಂದೇ ಗೆರೆಯಾಗಿ ಕಂಡರೆ ತೊಲೆ ಸಪಾಟು. ಇಪ್ಪತ್ತೈದು ವರ್ಷದಿಂದ ಈ ಯಾರ್ಡಿಗೆ ಅವನ ಬಲಗಣ್ಣೇ ಮಟ್ಟ.

ಆ ಬಲಗಣ್ಣಿಗೆ ಪೊರೆ ಬಂದಿದೆ. ಗೊತ್ತಿರುವುದು ಅತ್ತೆಗೆ ಮತ್ತು ನನಗೆ ಮಾತ್ರ. ಇನ್ನೊಂದು ಕಣ್ಣಲ್ಲಿ ನೋಡ್ರಿ ಅಂತ ಅತ್ತೆ ಅಂದರೆ, "ಎಡಗಣ್ಣಿಗೆ ಕೆಲಸ ಬರಲ್ಲ ಕಣೇ" ಅನ್ನುತ್ತಾನೆ. ಹೋದ ವರ್ಷ ಗರಗಸದವನೊಬ್ಬ ದಪ್ಪ ಕನ್ನಡಕ ಹಾಕಿಕೊಂಡು ಬಂದ ದಿನವೇ ಯಜಮಾನ, "ಕಣ್ಣು ಕಾಣದೋರಿಗೆ ಬ್ಲೇಡಿನ ಹತ್ರ ಏನು ಕೆಲಸ?" ಅಂತ ಗೇಟು ತೋರಿಸಿದ್ದ.

ಇವತ್ತು ಬೆಳಗ್ಗೆ ಕೊನೆಯ ತೊಲೆ.

"ಎಡಗಡೆ ಎತ್ತರ ಇದೆ. ಇನ್ನೆರಡು ಎಳೆತ ತೆಗಿ," ಅಂದ ಮಾವ.

ಅಂಗೈ ಆಡಿಸಿ ನೋಡಿದೆ. "ಮಾವ, ಸರಿ ಇದೆ ಅನ್ಸುತ್ತೆ."

"ನಿನ್ನೆ ಮೊನ್ನೆ ಚಡ್ಡಿ ಹಾಕ್ಕೊಂಡು ಬಂದೋನು ನನ್ನ ಕಣ್ಣಿಗೆ ಪಾಠ ಹೇಳ್ತೀಯಾ?"

ಗರಗಸದವರು ಕಿವಿ ನಿಮಿರಿಸಿದ್ದರು. ಎಳೆದೆ. ಮತ್ತೆರಡು ಅಂದ. ಎಳೆದೆ. ಮತ್ತೆರಡು. ಹೊಟ್ಟು ಪಾದ ಮುಚ್ಚಿತು. ನನ್ನ ಕೈ ಬೇಡ ಬೇಡ ಅನ್ನುತ್ತಲೇ ಇತ್ತು. ಮೆಷಿನ್ನಿಗೆ ತೆಗೆಯುವುದು ಗೊತ್ತು, ತೆಗೆದದ್ದನ್ನು ವಾಪಸ್ ಇಡುವುದು ಗೊತ್ತಿಲ್ಲ.

ಗಿರಾಕಿ ಟೇಪು ಹಿಡಿದ. "ಈ ಮೂಲೆ ಕಾಲು ಇಂಚು ಕಮ್ಮಿ. ಹಲಗೆ ಹೇಗ್ರೀ ಕೂರುತ್ತೆ?"

ಯಜಮಾನ ಹುಳದ ಮಾತು ಆಡಿದ್ದು ಆಗಲೇ.

"ಇನ್ನೊಂದು ಗಂಟೆ ಬಿಟ್ಟಿದ್ರೆ ಹಲ್ಲು ಚುಚ್ಚೋ ಕಡ್ಡಿ ಆಗಿರೋದು," ಅಂದ ಗರಗಸದವನೊಬ್ಬ. ಮತ್ತೆ ನಗು.

"ಯಾರೋ ಹೇಳಿದ್ದು ಇಷ್ಟು ಕೆರೆಯೋಕೆ?" ಯಜಮಾನ ನನ್ನ ಎದೆಗೆ ಬೆರಳು ಚುಚ್ಚಿದ. "ಬಾಯಲ್ಲಿ ಏನಿಟ್ಕೊಂಡಿದೀಯ?"

ಉತ್ತರ ನಾಲಿಗೆ ತುದಿಯಲ್ಲೇ ಇತ್ತು. ಹೇಳಿದರೆ ಮಾವನಿಗೆ ಗೇಟು. ನೀನೇ ಹೇಳು, ಅರ್ಧ ಮಾತಾದರೂ ಹೇಳು ಅಂತ ಅವನ ಕಡೆ ನೋಡಿದೆ. ಮಾವ ಪಟ್ಟಿಗಳನ್ನು ಕಂಕುಳಲ್ಲಿ ಅವುಚಿಕೊಂಡು, ಎರಡೂ ಕಣ್ಣು ಬಿಟ್ಟು ನನ್ನನ್ನೇ ನೋಡಿದ.

"ಹೇಳೋ," ಅಂದ. "ಯಜಮಾನ್ರು ಕೇಳ್ತಿದಾರಲ್ಲ. ಯಾಕೋ ಅಷ್ಟು ತೆಗೆದೆ?"

ಅವನ ಕಂಕುಳಿನ ಪಟ್ಟಿ ಕಿತ್ತು ಮುರಿಯಬೇಕು ಅನ್ನಿಸಿತು. ಪ್ಲಗ್ ಕಿತ್ತೆ. ವೈರು ಸುತ್ತಿದೆ. ಬ್ಲೇಡು ನೆಲಕ್ಕೆ ತಾಗದ ಹಾಗೆ, ಅವನು ಕಲಿಸಿದ ಹಾಗೆಯೇ, ಮೆಷಿನ್ನನ್ನು ಮಗ್ಗುಲಾಗಿ ಮಲಗಿಸಿದೆ.

"ಹೋಗು, ಹೋಗು! ನಾಳೆ ಮುಖ ತೋರಿಸಬೇಡ," ಅಂತ ಯಜಮಾನ ಕಿರುಚಿದ.

ಗೇಟಿನ ಹತ್ತಿರ ಬಂದಾಗ ಹಿಂದಿನಿಂದ ಮಾವನ ದನಿ ಕೇಳಿಸಿತು, ಇಷ್ಟೇ ಇಷ್ಟು.

"ಲೋ... ಊಟದ ಡಬ್ಬಿ ಬಿಟ್ಟಿದೀಯ ಕಣೋ."

ನಾನು ಗೇಟು ದಾಟಿ ನಡೆದೆ.